ಕುಕ್ಕರುಗಾಲಿನಲ್ಲಿ ಹನ್ನೆರಡು ಸೀಸನ್: ಬಸ್ಟರ್ ಪೋಸಿ ಬೇಗ ಬಿಟ್ಟರೇ, ಹೊತ್ತಿಗೆ ಸರಿಯಾಗಿ ಬಿಟ್ಟರೇ?

ಕೊಲ್ಲಿತೀರದವ

ಸ್ಯಾನ್ ಫ್ರಾನ್ಸಿಸ್ಕೊ ಜೈಂಟ್ಸ್ ಬೇಸ್‌ಬಾಲ್ ತಂಡದ ಕ್ಯಾಚರ್ (ಬ್ಯಾಟರನ ಹಿಂದೆ ಕೂತು ಚೆಂಡು ಹಿಡಿಯುವವರು) ಬಸ್ಟರ್ ಪೋಸಿ 2021ರ ನವೆಂಬರ್ 4ರಂದು, ತಮ್ಮ 34ನೆಯ ವಯಸ್ಸಿನಲ್ಲಿ, ಆಟ ನಿಲ್ಲಿಸಿದರು. ಆ ವರ್ಷ ಅವರ ಬ್ಯಾಟಿಂಗ್ ಸರಾಸರಿ .304 ಇತ್ತು (ಸಾವಿರ ಯತ್ನಕ್ಕೆ 304 ಹಿಟ್, ಅಂದರೆ ಬೇಸ್ ಮುಟ್ಟಿಸಿದ ಹೊಡೆತ), ಬೇಲಿ ದಾಟಿಸಿದ ಹೋಮ್ ರನ್‌ಗಳು 18. ತಂಡ 107 ಪಂದ್ಯ ಗೆದ್ದಿತ್ತು. ಜೈಂಟ್ಸ್‌ನ ಇಡೀ ಚರಿತ್ರೆಯಲ್ಲಿ ಒಂದೇ ಸೀಸನ್‌ನಲ್ಲಿ ಅಷ್ಟು ಗೆಲುವು ಅದಕ್ಕೆ ಮೊದಲು ಬಂದಿರಲಿಲ್ಲ. ಮರುವರ್ಷಕ್ಕೆ 2.2 ಕೋಟಿ ಡಾಲರ್ ಸಂಬಳದ ಅವಕಾಶ ಕರಾರಿನಲ್ಲೇ ಇತ್ತು, ಕೊಡಲು ತಂಡವೂ ಸಿದ್ಧವಿತ್ತು. ಇದ್ದಕ್ಕಿದ್ದಂತೆ ಅವರು ಸಾಕು ಎಂದರು.

ಶ್ರೇಷ್ಠ ಆಟಗಾರರನ್ನು ಪತ್ರಕರ್ತರು ಮತ ಹಾಕಿ ಸೇರಿಸುವ ಗೌರವಪಟ್ಟಿ ಹಾಲ್ ಆಫ್ ಫೇಮ್. ಅದರ 2027ರ ಮತಪಟ್ಟಿಗೆ ಪೋಸಿ ಮೊದಲ ಬಾರಿಗೆ ಅರ್ಹರಾಗುತ್ತಾರೆ. ಇಲ್ಲಿನ ಕೊಲ್ಲಿ ಪ್ರದೇಶದ ಕನ್ನಡಿಗರು ಒಂದೆಡೆ ಸೇರಿದಾಗಲೆಲ್ಲ ಈ ವಿಷಯ ಬರುತ್ತದೆ, ಪ್ರತಿ ಸಲವೂ ಅರ್ಧಕ್ಕೇ ನಿಲ್ಲುತ್ತದೆ. ಆದ್ದರಿಂದ ನನ್ನ ಅಭಿಪ್ರಾಯವನ್ನು ಇಲ್ಲಿ ಪೂರ್ತಿಯಾಗಿ ಬರೆದು, ಉಳಿದವರ ಮಾತು ಕೇಳೋಣ ಎಂದುಕೊಂಡಿದ್ದೇನೆ. ನನ್ನ ವಾದ ಇಷ್ಟೇ: ಕ್ಯಾಚರನ ವೃತ್ತಿಯನ್ನು ವರ್ಷಗಳ ಲೆಕ್ಕದಲ್ಲಿ ಅಳೆಯುವುದೇ ತಪ್ಪು, ಅವನು ಎಷ್ಟು ಸಲ ಕೂತೆದ್ದ ಎಂಬ ಲೆಕ್ಕದಲ್ಲಿ ಅಳೆಯಬೇಕು.

ಈ ಲೆಕ್ಕ ನನ್ನದಲ್ಲ, ನನ್ನ ತಂದೆಯದು. ಮಂಡ್ಯದ ಕಡೆ ಲೈನ್‌ಮನ್ ಆಗಿ ನಿವೃತ್ತರಾಗಿದ್ದ ಅವರು 2013ರ ಬೇಸಿಗೆಯಲ್ಲಿ ನಮ್ಮ ಮನೆಗೆ ಬಂದಿದ್ದಾಗ ಒಂದು ಮಧ್ಯಾಹ್ನದ ಪಂದ್ಯಕ್ಕೆ ಕರೆದುಕೊಂಡು ಹೋಗಿದ್ದೆ. ಮೊದಲ ಎರಡು ಇನ್ನಿಂಗ್ಸ್ ಅವರಿಗೆ ಏನೂ ಅರ್ಥವಾಗಲಿಲ್ಲ. ಮೂರನೆಯದರಲ್ಲಿ, "ಆ ಮುಖವಾಡ ಹಾಕ್ಕೊಂಡು ಕೂತಿದ್ದಾನಲ್ಲ, ಅವನನ್ನ ಯಾಕಪ್ಪ ಹಿಂಗೆ ಗೋಳು ಹುಯ್ಕೊತಾರೆ?" ಎಂದು ಕೇಳಿದರು. ಆಮೇಲೆ ಮೈದಾನದ ಬೇರೆ ಯಾವ ಭಾಗವನ್ನೂ ಅವರು ನೋಡಲಿಲ್ಲ. ಪೋಸಿ ಒಂದು ಸಲ ಕುಕ್ಕರುಗಾಲಿನಲ್ಲಿ ಕೂತರೆ ಕೈಯಲ್ಲಿದ್ದ ಪೊಟ್ಟಣದಿಂದ ಒಂದು ಕಡಲೆಕಾಯಿ ತೆಗೆದು ಅಂಗಿಯ ಜೇಬಿಗೆ ಹಾಕಿಕೊಂಡರು. ಆರನೆಯ ಇನ್ನಿಂಗ್ಸ್ ಮುಗಿಯುವ ಮೊದಲೇ ಪೊಟ್ಟಣ ಬರಿದಾಯಿತು. ಜೇಬು ಉಬ್ಬಿತ್ತು, ಒಂದನ್ನೂ ತಿಂದಿರಲಿಲ್ಲ.

ಒಂದು ಪಂದ್ಯದಲ್ಲಿ ಒಂದು ತಂಡದ ಪಿಚರ್‌ಗಳು ಸೇರಿ ಸುಮಾರು 130ರಿಂದ 150 ಚೆಂಡು ಎಸೆಯುತ್ತಾರೆ. ಸೀಸನ್‌ಗೆ 162 ಪಂದ್ಯ. ಕ್ಯಾಚರ್ ಎಲ್ಲದರಲ್ಲೂ ಆಡುವುದಿಲ್ಲ, ಆದರೂ ನೂರಿಪ್ಪತ್ತು ಪಂದ್ಯ ಆಡಿದನೆಂದರೆ ಗುಣಾಕಾರ ನೀವೇ ಮಾಡಿಕೊಳ್ಳಿ. ಪಂದ್ಯಕ್ಕೆ ಮುಂಚಿನ ಅಭ್ಯಾಸ, ಇನ್ನಿಂಗ್ಸ್‌ಗಳ ನಡುವಿನ ಚೆಂಡುಗಳು, ವಸಂತದ ತರಬೇತಿ ಶಿಬಿರ, ಅಕ್ಟೋಬರಿನ ನಾಕೌಟ್ ಪಂದ್ಯಗಳು ಇವೆಲ್ಲ ಆ ಲೆಕ್ಕದ ಹೊರಗೆ.

ಹೊಸಬಳು

ನಾನು ಅಮೆರಿಕಕ್ಕೆ ಬಂದು ಒಂದು ವರ್ಷವಾಗಿದೆ, ಕ್ರಿಕೆಟ್ ಮಾತ್ರ ಗೊತ್ತು. ಕ್ಯಾಚರ್ ಎಂದರೆ ನಮ್ಮ ವಿಕೆಟ್ ಕೀಪರ್ ಎಂದು ತಿಳಿದುಕೊಂಡರೆ ಸಾಕೇ, ಅಥವಾ ಅದಕ್ಕಿಂತ ಹೆಚ್ಚಿನದು ಏನಾದರೂ ಇದೆಯೇ? ದಯವಿಟ್ಟು ಯಾರಾದರೂ ವಿವರಿಸಿ.

ಬಸವನಗುಡಿ ಕೀಪರ್

ಕ್ಲಬ್ ಮಟ್ಟದಲ್ಲಿ ಹದಿನೈದು ವರ್ಷ ಕೀಪಿಂಗ್ ಮಾಡಿ ಎರಡು ಬೆರಳು ಸೊಟ್ಟ ಮಾಡಿಕೊಂಡವನಾಗಿ ಹೇಳುತ್ತೇನೆ ತಂಗಿ, ಸಾಲುವುದಿಲ್ಲ. ಹೊರಗಿನಿಂದ ನೋಡಿದರೆ ಹೋಲಿಕೆ ಇದೆ. ಇಬ್ಬರೂ ಬ್ಯಾಟ್ ಹಿಡಿದವನ ಹಿಂದೆ ಕೂರುತ್ತಾರೆ, ಇಬ್ಬರಿಗೂ ಬ್ಯಾಟಿನ ಅಂಚಿಗೆ ತಗುಲಿದ ಚೆಂಡಿನ ಭಯವಿದೆ, ಇಬ್ಬರ ಮಂಡಿಯೂ ಒಂದೇ ಭಾಷೆಯಲ್ಲಿ ಅಳುತ್ತದೆ. ಆದರೆ ಮುಂದಿನ ಚೆಂಡು ಯಾವುದಿರಬೇಕೆಂದು ಕೀಪರ್ ಹೇಳುವುದಿಲ್ಲ. ಬಿ. ಎಸ್. ಚಂದ್ರಶೇಖರ್ ಅವರ ಕೈಯಿಂದ ಬರುವುದು ಗೂಗ್ಲಿಯೋ ವೇಗದ ಚೆಂಡೋ ಎಂಬುದನ್ನು ಸೈಯದ್ ಕಿರ್ಮಾನಿ ಓದಿಕೊಳ್ಳಬೇಕಿತ್ತು, ಆಜ್ಞೆ ಕೊಡುವಂತಿರಲಿಲ್ಲ. ಬೇಸ್‌ಬಾಲ್‌ನಲ್ಲಿ ಆಜ್ಞೆ ಕೊಡುವವನೇ ಕ್ಯಾಚರ್. ತೊಡೆಗಳ ನಡುವೆ ಬಲಗೈ ಮರೆಮಾಡಿಕೊಂಡು ಒಂದು ಬೆರಳು ತೋರಿಸಿದರೆ ಸಾಮಾನ್ಯವಾಗಿ ವೇಗದ ಚೆಂಡು, ಎರಡು ತೋರಿಸಿದರೆ ತಿರುಗಿ ಕೆಳಗಿಳಿಯುವ ಕರ್ವ್. ಎದುರಾಳಿಯ ಓಟಗಾರ ಎರಡನೆಯ ಬೇಸ್‌ನಲ್ಲಿ ನಿಂತಿದ್ದರೆ ಆ ಬೆರಳುಗಳು ಅವನಿಗೂ ಕಾಣುವುದರಿಂದ, ಹಲವು ಸಂಜ್ಞೆ ತೋರಿಸಿ ಅವುಗಳಲ್ಲಿ ಎಷ್ಟನೆಯದು ನಿಜವೆಂದು ಮೊದಲೇ ಮಾತಾಡಿಕೊಂಡಿರುತ್ತಾರೆ. 2022ರಿಂದ ಗುಂಡಿ ಒತ್ತಿ ಪಿಚರನ ಟೋಪಿಯೊಳಗೆ ಧ್ವನಿ ಕೇಳಿಸುವ ಪಿಚ್‌ಕಾಮ್ ಬಂದಿದೆ. ಅಂದರೆ ಪೋಸಿ ಬೆರಳಿನ ಕಾಲದ ಕೊನೆಯ ದೊಡ್ಡ ಕ್ಯಾಚರ್‌ಗಳಲ್ಲಿ ಒಬ್ಬರು.

ಇನ್ನೊಂದು ವ್ಯತ್ಯಾಸವೂ ಇದೆ. ಕೀಪರ್‌ಗೆ ಎರಡು ಕೈಗವಸು, ಕ್ಯಾಚರ್‌ಗೆ ಎಡಗೈಗೆ ಮಾತ್ರ ದಪ್ಪ ಮಿಟ್. ಬಲಗೈ ಬರಿದು, ಎಸೆಯುವುದಕ್ಕೆ. ಮೊದಲ ಬೇಸ್‌ನಲ್ಲಿದ್ದವನು ಎರಡನೆಯದಕ್ಕೆ ಕದ್ದು ಓಡಿದರೆ, ಚೆಂಡು ಮಿಟ್‌ಗೆ ಬಿದ್ದ ಕ್ಷಣದಿಂದ 127 ಅಡಿ ದೂರದ ಎರಡನೆಯ ಬೇಸ್‌ಗೆ ಸುಮಾರು ಎರಡು ಸೆಕೆಂಡಿನಲ್ಲಿ ತಲುಪಬೇಕು. ಅದೂ ಕೂತಲ್ಲಿಂದ ಎದ್ದು, ಮುಂದೆ ನಿಂತ ಬ್ಯಾಟರನ್ನು ತಪ್ಪಿಸಿ.

ಗಣಿತದ ಮೇಷ್ಟ್ರು

ಭಾವನೆಯನ್ನು ಸ್ವಲ್ಪ ಬದಿಗಿಟ್ಟು ಅಂಕಿಗಳನ್ನು ನೋಡೋಣ. ಪೋಸಿ ಆಡಿದ ಪಂದ್ಯಗಳು 1,371, ಹಿಟ್‌ಗಳು ಸರಿಯಾಗಿ 1,500, ಹೋಮ್ ರನ್ 158, ಸರಾಸರಿ .302. ಜಾನಿ ಬೆಂಚ್ ಅವರ ಹೋಮ್ ರನ್ 389. ಮೈಕ್ ಪಿಯಾಟ್ಸಾ ಅವರದು 427. ಇವಾನ್ ರಾಡ್ರಿಗಸ್ ಕ್ಯಾಚರ್ ಆಗಿಯೇ 2,427 ಪಂದ್ಯ ಆಡಿದವರು, ಅದು ಇಂದಿಗೂ ದಾಖಲೆ. ಸೇಂಟ್ ಲೂಯಿಸ್ ಕಾರ್ಡಿನಲ್ಸ್‌ನ ಯಾಡಿಯರ್ ಮೊಲೀನಾ 2004ರಿಂದ 2022ರವರೆಗೆ ಒಂದೇ ತಂಡಕ್ಕೆ 19 ಸೀಸನ್ ಆಡಿ ಒಂಬತ್ತು ಗೋಲ್ಡ್ ಗ್ಲವ್ (ಫೀಲ್ಡಿಂಗ್ ಪ್ರಶಸ್ತಿ) ಪಡೆದರು. ಪೋಸಿಯವರಿಗೆ ದೊರೆತದ್ದು ಒಂದೇ ಒಂದು, 2016ರಲ್ಲಿ. ಮಂಡಿನೋವು ಮೊಲೀನಾ ಅವರಿಗೆ ಇರಲಿಲ್ಲವೇ? ಕೂತೆದ್ದ ಲೆಕ್ಕವೇ ಬೇಕೆಂದರೆ ಆ ಲೆಕ್ಕದಲ್ಲೂ ಪೋಸಿ ಹಿಂದೆಯೇ ಉಳಿಯುತ್ತಾರೆ. ಕೊಲ್ಲಿತೀರದವರ ತಂದೆಯವರ ಕಡಲೆಕಾಯಿಗೆ ನನ್ನ ಗೌರವವಿದೆ, ಆದರೆ ಆ ಕಡಲೆಕಾಯಿ ಅವರ ವಾದಕ್ಕೆ ವಿರುದ್ಧವಾಗಿಯೇ ಸಾಕ್ಷಿ ಹೇಳುತ್ತಿದೆ.

ಕೊಲ್ಲಿತೀರದವ

ಮೇಷ್ಟ್ರೇ, ಪೆಟ್ಟು ಸರಿಯಾಗಿಯೇ ಬಿತ್ತು. ಆದರೂ ಆ 1,371 ಪಂದ್ಯಗಳೊಳಗೆ ಏನೇನಿದೆ ಎಂಬುದನ್ನು ಬಿಡಿಸಿ ಹೇಳಲೇಬೇಕು.

ಪೋಸಿ ಹುಟ್ಟು ಕ್ಯಾಚರ್ ಅಲ್ಲ. ಜಾರ್ಜಿಯಾ ರಾಜ್ಯದ ಲೀಸ್‌ಬರ್ಗ್‌ನಲ್ಲಿ 1987ರಲ್ಲಿ ಹುಟ್ಟಿದ ಅವರು ಫ್ಲೋರಿಡಾ ಸ್ಟೇಟ್ ವಿಶ್ವವಿದ್ಯಾಲಯಕ್ಕೆ ಸೇರಿದ್ದು ಎರಡನೆಯ ಮತ್ತು ಮೂರನೆಯ ಬೇಸ್‌ಗಳ ನಡುವೆ ನಿಲ್ಲುವ ಶಾರ್ಟ್‌ಸ್ಟಾಪ್ ಆಗಿ. ಎರಡನೆಯ ವರ್ಷದಲ್ಲಿ ತರಬೇತುದಾರರು ಬ್ಯಾಟರ್ ನಿಲ್ಲುವ ಹೋಮ್ ಪ್ಲೇಟಿನ ಹಿಂದೆ, ಕ್ಯಾಚರ್ ಆಗಿ, ಕೂರಿಸಿದರು. ಮರುವರ್ಷ, 2008ರಲ್ಲಿ, ಒಂದೇ ಪಂದ್ಯದಲ್ಲಿ ಒಂಬತ್ತೂ ಸ್ಥಾನಗಳಲ್ಲಿ ಆಡಿಸಿದರು. ಅದೇ ವರ್ಷ ಜೈಂಟ್ಸ್ ಅವರನ್ನು ಡ್ರಾಫ್ಟ್‌ನಲ್ಲಿ (ತಂಡಗಳು ಸರದಿಯಂತೆ ಹೊಸಬರನ್ನು ಆರಿಸುವ ಪದ್ಧತಿ) ಐದನೆಯವರಾಗಿ ಆರಿಸಿ 62 ಲಕ್ಷ ಡಾಲರ್ ಕೊಟ್ಟಿತು. ಕ್ಯಾಚಿಂಗ್ ಕಲಿತು ನಾಲ್ಕನೆಯ ವರ್ಷ ಮುಗಿಯುವ ಹೊತ್ತಿಗೆ, ಅಂದರೆ 2010ರಲ್ಲಿ, ಅವರು ವಿಶ್ವ ಸರಣಿ, ಅಂದರೆ ಮುಖ್ಯ ಲೀಗ್‌ನ ಅಂತಿಮ ಸರಣಿ, ಗೆದ್ದ ತಂಡದ ಕ್ಯಾಚರ್. ಮೇ ತಿಂಗಳ ಕೊನೆಯಲ್ಲಿ ಮುಖ್ಯ ತಂಡಕ್ಕೆ ಕರೆ ಬಂತು. ಅನುಭವಿ ಬೆಂಜಿ ಮೊಲೀನಾ ಅವರನ್ನು ಜೈಂಟ್ಸ್ ಟೆಕ್ಸಸ್ ರೇಂಜರ್ಸ್‌ಗೆ ಬಿಟ್ಟುಕೊಟ್ಟು, 23ರ ಈ ಹುಡುಗನ ಕೈಗೆ ಇಡೀ ಪಿಚಿಂಗ್ ಪಡೆಯನ್ನು ಒಪ್ಪಿಸಿತು. ಅಕ್ಟೋಬರ್ ಕೊನೆಗೆ ಎದುರಾದದ್ದು ಅದೇ ರೇಂಜರ್ಸ್, ಅತ್ತ ಪ್ಲೇಟಿನ ಹಿಂದೆ ಕೂತಿದ್ದವರು ಅದೇ ಮೊಲೀನಾ. ಬೆಂಜಿಯವರು ನಮ್ಮ ಮೇಷ್ಟ್ರು ಹೆಸರಿಸಿದ ಯಾಡಿಯರ್ ಅವರ ಅಣ್ಣ. ಆ ಮನೆಯ ಮೂವರು ಅಣ್ಣತಮ್ಮಂದಿರೂ ಕ್ಯಾಚರ್‌ಗಳೇ. ಜೈಂಟ್ಸ್ ನ್ಯೂಯಾರ್ಕ್‌ನಿಂದ 1958ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊಗೆ ಬಂದ ಮೇಲೆ ಗೆದ್ದ ಮೊದಲ ಪ್ರಶಸ್ತಿ ಅದು. ಆಮೇಲೆ 2012, 2014. ಐದು ವರ್ಷಗಳಲ್ಲಿ ಮೂರು.

2012ರ ಸೀಸನ್ ಒಂದನ್ನೇ ತೆಗೆದುಕೊಳ್ಳಿ. ಸರಾಸರಿ .336. ಮುಖ್ಯ ಲೀಗ್‌ನ ಎರಡು ವಿಭಾಗಗಳಲ್ಲಿ ಒಂದಾದ ನ್ಯಾಷನಲ್ ಲೀಗ್‌ನಲ್ಲಿ ಬ್ಯಾಟಿಂಗ್ ಕಿರೀಟ (ಅತಿ ಹೆಚ್ಚು ಸರಾಸರಿಯ ಗೌರವ) ಒಬ್ಬ ಕ್ಯಾಚರ್‌ಗೆ ಸಿಕ್ಕಿದ್ದು 1942ರ ಅರ್ನಿ ಲೊಂಬಾರ್ಡಿ ನಂತರ ಅದೇ ಮೊದಲು. ಲೀಗ್‌ನ ಅತ್ಯಮೂಲ್ಯ ಆಟಗಾರ ಪ್ರಶಸ್ತಿಯೂ ಬಂತು. ಆ ವರ್ಷದ ಜೂನ್ 13ರಂದು ಮ್ಯಾಟ್ ಕೇನ್ ಹ್ಯೂಸ್ಟನ್ ಆಸ್ಟ್ರೋಸ್ ವಿರುದ್ಧ ಪರ್ಫೆಕ್ಟ್ ಗೇಮ್ ಎಸೆದರು: 27 ಬ್ಯಾಟರ್‌ಗಳು ಬಂದರು, 27 ಮಂದಿಯೂ ಬೇಸ್ ಮುಟ್ಟದೆ ಹಿಂದಿರುಗಿದರು. 125 ಚೆಂಡು. ಅವುಗಳಲ್ಲಿ ಒಂದಕ್ಕೂ ತಾನು ಪೋಸಿಯ ಆಯ್ಕೆಯನ್ನು ಪ್ರಶ್ನಿಸಲಿಲ್ಲ ಎಂದು ಪಂದ್ಯದ ನಂತರ ಕೇನ್ ಹೇಳಿದರು. ದಾಖಲೆಯಲ್ಲಿ ಆ ಪಂದ್ಯ ಕೇನ್ ಹೆಸರಿನಲ್ಲಿದೆ. ಪೋಸಿಯ ಆ ರಾತ್ರಿಯ ಕೆಲಸಕ್ಕೆ ಅಂಕಿಪಟ್ಟಿಯಲ್ಲಿ ಅಂಕಣವೇ ಇಲ್ಲ, ಮೇಷ್ಟ್ರೇ.

ತುಂಗಭದ್ರೆ

2011ರ ಬಗ್ಗೆ ಯಾರೂ ಮಾತಾಡುತ್ತಿಲ್ಲವೇಕೆ? ಆ ಡಿಕ್ಕಿಯಾಗದಿದ್ದರೆ ಈ ಚರ್ಚೆಯ ಸ್ವರೂಪವೇ ಬೇರೆಯಾಗುತ್ತಿತ್ತು. ಡಿಕ್ಕಿ ಹೊಡೆದ ಆಟಗಾರನಿಗೆ ಶಿಕ್ಷೆಯೂ ಆಯಿತೆಂದು ನೆನಪು.

ಕೊಲ್ಲಿತೀರದವ

ಶಿಕ್ಷೆ ಆಗಲಿಲ್ಲ, ಏಕೆಂದರೆ ಅಂದಿನ ನಿಯಮದಂತೆ ಅದು ತಪ್ಪಾಗಿರಲಿಲ್ಲ. ಅಂದು ರಾತ್ರಿ ನಾನು ಅದೇ ಮೈದಾನದಲ್ಲಿ, ಮೂರನೆಯ ಬೇಸ್ ಬದಿಯ ಮೇಲಿನ ಮಹಡಿಯಲ್ಲಿ ಕೂತಿದ್ದೆ.

ಮೇ 25, ಎದುರಾಳಿ ಫ್ಲೋರಿಡಾ ಮಾರ್ಲಿನ್ಸ್, ಸ್ಕೋರು 6–6, ಹನ್ನೆರಡನೆಯ ಇನ್ನಿಂಗ್ಸ್. ಬಲಗಡೆಯ ಹೊರ ಮೈದಾನಕ್ಕೆ ಚೆಂಡು ಎತ್ತರಕ್ಕೆ ಹೋಯಿತು, ಕ್ಯಾಚ್ ಆಯಿತು, ಮೂರನೆಯ ಬೇಸ್‌ನಲ್ಲಿದ್ದ ಸ್ಕಾಟ್ ಕಸಿನ್ಸ್ ರನ್ ಗಳಿಸಲು ಹೋಮ್ ಪ್ಲೇಟಿನ ಕಡೆ ಓಡಿದರು. ಪೋಸಿ ಪ್ಲೇಟಿನ ಸ್ವಲ್ಪ ಮುಂದೆ ಎಡಗಾಲು ಮಡಚಿ ಮಂಡಿಯೂರಿದ್ದರು. ಚೆಂಡು ಮಿಟ್‌ನಲ್ಲಿ ನಿಲ್ಲಲಿಲ್ಲ. ಅವರು ತಿರುಗುವಷ್ಟರಲ್ಲಿ ಕಸಿನ್ಸ್ ಭುಜ ಕೊಟ್ಟು ಅಪ್ಪಳಿಸಿದರು. ಪೋಸಿಯ ಎಡಗಾಲು ದೇಹದ ಕೆಳಗೆ ಸಿಕ್ಕಿಕೊಂಡೇ ಹಿಂದಕ್ಕೆ ಬಿದ್ದರು. ಆಮೇಲೆ ಅವರು ಬೋರಲಾಗಿ ಮಣ್ಣನ್ನು ಕೈಯಿಂದ ಬಡಿಯುತ್ತಿದ್ದದ್ದು ನಾನು ಕೂತಿದ್ದಲ್ಲಿಗೂ ಕಾಣಿಸಿತು. ಮೊಣಕಾಲಿನ ಕೆಳಗಿನ ಸಣ್ಣ ಮೂಳೆ ಮುರಿದಿತ್ತು, ಪಾದದ ಕೀಲಿನ ಅಸ್ಥಿರಜ್ಜುಗಳು ಹರಿದಿದ್ದವು. ಆ ಸೀಸನ್ ಅಲ್ಲಿಗೇ ಮುಗಿಯಿತು. ಹಿಂದಿನ ವರ್ಷದ ಚಾಂಪಿಯನ್ ತಂಡ ಆ ವರ್ಷ ನಾಕೌಟ್ ಹಂತವನ್ನೂ ಮುಟ್ಟಲಿಲ್ಲ.

ಕಸಿನ್ಸ್‌ಗೆ ಕೊಲೆ ಬೆದರಿಕೆಗಳು ಬಂದವು. ಜೈಂಟ್ಸ್ ಅಭಿಮಾನಿಯಾಗಿ ಹೇಳಲು ನಾಚಿಕೆಯಾಗುತ್ತದೆ. ಅವರು ಮಾಡಿದ್ದು ನೂರು ವರ್ಷಗಳಿಂದ ಎಲ್ಲರೂ ಮಾಡುತ್ತಿದ್ದದ್ದೇ. 1970ರ ಆಲ್‌ಸ್ಟಾರ್ ಪಂದ್ಯದಲ್ಲಿ ಪೀಟ್ ರೋಸ್ ಇದೇ ರೀತಿ ರೇ ಫಾಸಿಗೆ ಗುದ್ದಿ ಭುಜ ಕೆಡಿಸಿದ್ದನ್ನು ದಶಕಗಳ ಕಾಲ ಶೌರ್ಯವೆಂದೇ ತೋರಿಸುತ್ತಿದ್ದರು. 2014ರಲ್ಲಿ ನಿಯಮ ಬಂತು: ಓಟಗಾರ ಕ್ಯಾಚರನಿಗೆ ಗುದ್ದುವುದಕ್ಕೆಂದೇ ತನ್ನ ದಾರಿ ಬಿಟ್ಟು ಬರುವಂತಿಲ್ಲ, ಚೆಂಡು ಕೈಯಲ್ಲಿಲ್ಲದ ಕ್ಯಾಚರ್ ಓಟಗಾರನ ದಾರಿಗೆ ಅಡ್ಡ ಕೂರುವಂತಿಲ್ಲ. ಜನ ಅದನ್ನು ಪೋಸಿ ನಿಯಮ ಎಂದೇ ಕರೆಯುತ್ತಾರೆ.

ಬಸವನಗುಡಿ ಕೀಪರ್

ಆ ನಿಯಮದಿಂದ ಆಟದ ಗತ್ತು ಹೋಯಿತೆಂದು ಗೊಣಗುವ ಹಳಬರು ನಮ್ಮಲ್ಲೂ ಇದ್ದಾರೆ. ಅವರನ್ನು ಒಂದು ಸಲ ಪ್ಲೇಟಿನ ಮುಂದೆ ಕೂರಿಸಬೇಕು.

ಫಿಜಿಯೊ ದಾವಣಗೆರೆ

ನಾನು ವೃತ್ತಿಯಿಂದ ಫಿಜಿಯೊಥೆರಪಿಸ್ಟ್. ಎಲ್ಲರೂ ಮಂಡಿಯ ಬಗ್ಗೆಯೇ ಬರೆಯುತ್ತಿದ್ದೀರಿ. ಆದರೆ ಪೋಸಿಯವರ ಆಟವನ್ನು ನಿಜವಾಗಿ ಕೆಡಿಸಿದ್ದು ಸೊಂಟದ ಕೀಲು. ಕುಕ್ಕರುಗಾಲಿನಲ್ಲಿ ಕೂತು, ಮಂಡಿಗಳನ್ನು ಹೊರಕ್ಕೆ ತೆರೆದು, ಆ ಭಂಗಿಯಿಂದಲೇ ಎಡಕ್ಕೂ ಬಲಕ್ಕೂ ಜಿಗಿಯುವಾಗ ತೊಡೆಮೂಳೆಯ ತಲೆಯು ಕೀಲಿನ ಬಟ್ಟಲಿನ ಅಂಚಿಗೆ ಮತ್ತೆ ಮತ್ತೆ ಒತ್ತುತ್ತದೆ. ಆ ಅಂಚಿಗೆ ಲೇಬ್ರಮ್ ಎನ್ನುವ ಮೆತ್ತನೆಯ ಉಂಗುರವಿದೆ. ಅದು ಸವೆದು ಹರಿಯುತ್ತದೆ. ನಮ್ಮ ಹಳ್ಳಿಗಳಲ್ಲಿ ಜೀವಮಾನವಿಡೀ ಕುಕ್ಕರುಗಾಲಿನಲ್ಲಿ ಕೂರುವವರಿಗೆ ಹಾಗಾಗುವುದಿಲ್ಲವಲ್ಲ ಎಂದು ಕೇಳಬಹುದು. ಅವರು ಕೂತಲ್ಲಿಂದ ಗಂಟೆಗೆ 150 ಕಿಲೋಮೀಟರ್ ವೇಗದ ಚೆಂಡಿಗೆ ಹಾರುವುದಿಲ್ಲ, ಮೈಮೇಲೆ ಅಷ್ಟೊಂದು ರಕ್ಷಾಕವಚವನ್ನೂ ಹೊತ್ತಿರುವುದಿಲ್ಲ.

ಪೋಸಿಯವರಿಗೆ 2018ರ ಆಗಸ್ಟ್‌ನಲ್ಲಿ ಸೊಂಟದ ಶಸ್ತ್ರಚಿಕಿತ್ಸೆಯಾಯಿತು. ಆ ವರ್ಷ ಅವರು ಹೊಡೆದದ್ದು ಬರೀ ಐದು ಹೋಮ್ ರನ್. 2019ರಲ್ಲಿ ಏಳು, ಸರಾಸರಿ .257. ಬ್ಯಾಟ್ ಬೀಸುವ ಬಲ ಹುಟ್ಟುವುದು ತೋಳಿನಲ್ಲಲ್ಲ, ಸೊಂಟ ತಿರುಗುವುದರಲ್ಲಿ ಎಂಬುದನ್ನು ಈ ಅಂಕಿಗಳಿಗಿಂತ ಚೆನ್ನಾಗಿ ನಾನು ವಿವರಿಸಲಾರೆ.

ಇನ್ನು ತಲೆ. ಬ್ಯಾಟಿಗೆ ಸವರಿ ಬಂದ ಚೆಂಡು ಮುಖವಾಡಕ್ಕೆ ಬಡಿದಾಗ ಹೊರಗೆ ಗಾಯ ಕಾಣುವುದಿಲ್ಲ, ಒಳಗೆ ಮಿದುಳು ಅಲುಗಿರುತ್ತದೆ. ಮಿನೆಸೋಟಾ ಟ್ವಿನ್ಸ್‌ನ ಜೋ ಮಾವರ್ ಮೂರು ಸಲ ಬ್ಯಾಟಿಂಗ್ ಕಿರೀಟ ಗೆದ್ದ ಕ್ಯಾಚರ್. 2013ರ ಆಗಸ್ಟ್‌ನಲ್ಲಿ ಇಂಥದೇ ಪೆಟ್ಟಿನ ನಂತರ ಪ್ಲೇಟಿನ ಹಿಂದಿನ ಕೆಲಸವನ್ನೇ ಬಿಟ್ಟು ಮೊದಲ ಬೇಸ್ ಕಾಯುವ ಸ್ಥಾನಕ್ಕೆ ಹೋದರು. 2018ರಲ್ಲಿ ತಮ್ಮ ಕೊನೆಯ ಪಂದ್ಯದ ಕೊನೆಯ ಇನ್ನಿಂಗ್ಸ್‌ನಲ್ಲಿ ಕವಚ ತೊಟ್ಟು ಬಂದು, ಒಂದೇ ಒಂದು ಚೆಂಡು ಹಿಡಿದು, ಒಳಗೆ ಹೋದರು. ಆ ವಿಡಿಯೊವನ್ನು ನಾನು ಹಲವು ಸಲ ನೋಡಿದ್ದೇನೆ.

ಗಣಿತದ ಮೇಷ್ಟ್ರು

ಮಾವರ್ ಹೆಸರು ಬಂದದ್ದು ಒಳ್ಳೆಯದಾಯಿತು. 2024ರಲ್ಲಿ ಅವರು ಮೊದಲ ಯತ್ನದಲ್ಲೇ ಹಾಲ್ ಆಫ್ ಫೇಮ್ ಸೇರಿದರು, ಆದರೆ ಬೇಕಾದ 75 ಶೇಕಡಕ್ಕೆ ಬಂದದ್ದು 76.1. ಅವರ ಹಿಟ್‌ಗಳು 2,123. ಅವರಿಗೇ ಅಷ್ಟು ಕೂದಲೆಳೆಯ ಗೆಲುವಾದರೆ 1,500 ಹಿಟ್‌ನ ಪೋಸಿಯವರ ಗತಿ ಏನು? ಅದಕ್ಕಿಂತ ಕಠಿಣ ಉದಾಹರಣೆಯೂ ಇದೆ. ನ್ಯೂಯಾರ್ಕ್ ಯಾಂಕೀಸ್‌ನ ಥರ್ಮನ್ ಮನ್ಸನ್ ವರ್ಷದ ಹೊಸ ಆಟಗಾರ, ಅತ್ಯಮೂಲ್ಯ ಆಟಗಾರ, ಎರಡು ವಿಶ್ವ ಸರಣಿ ಗೆದ್ದವರು. 1979ರ ಆಗಸ್ಟ್‌ನಲ್ಲಿ ತಮ್ಮದೇ ವಿಮಾನ ಅಪಘಾತಕ್ಕೀಡಾಗಿ 32ನೆಯ ವಯಸ್ಸಿನಲ್ಲಿ ತೀರಿಕೊಂಡರು. ಅವರ ಪಂದ್ಯಗಳ ಸಂಖ್ಯೆ ಪೋಸಿಯವರದಕ್ಕಿಂತ ಹೆಚ್ಚು. ಪತ್ರಕರ್ತರ ಮತದಲ್ಲಿ ಅವರಿಗೆ ಬಾಗಿಲು ತೆರೆಯಲೇ ಇಲ್ಲ. ಸಾವಿನಿಂದ ಮೊಟಕಾದ ವೃತ್ತಿಗೆ ಸಿಗದ ರಿಯಾಯಿತಿ, ಇಷ್ಟಪಟ್ಟು ನಿಲ್ಲಿಸಿದ ವೃತ್ತಿಗೆ ಏಕೆ ಸಿಗಬೇಕು?

ತುಂಗಭದ್ರೆ

ರಾಯ್ ಕ್ಯಾಂಪನೆಲ್ಲಾ ಅವರನ್ನು ಮರೆತಿರಿ, ಮೇಷ್ಟ್ರೇ. ವರ್ಣಭೇದದ ಕಾರಣ ಮುಖ್ಯ ಲೀಗ್‌ಗೆ ಬರುವುದೇ 1948ರಲ್ಲಾಯಿತು. 1958ರ ಜನವರಿಯಲ್ಲಿ ಕಾರು ಅಪಘಾತದಲ್ಲಿ ಬೆನ್ನುಹುರಿಗೆ ಪೆಟ್ಟಾಗಿ ಮತ್ತೆ ನಡೆಯಲಾಗಲಿಲ್ಲ. ನಡುವಿನ ಹತ್ತು ಸೀಸನ್‌ಗಳಲ್ಲಿ ಡಾಜರ್ಸ್ ಪರ 1,215 ಪಂದ್ಯ, ಮೂರು ಸಲ ಅತ್ಯಮೂಲ್ಯ ಆಟಗಾರ. 1969ರಲ್ಲಿ ಹಾಲ್ ಆಫ್ ಫೇಮ್ ಅವರನ್ನು ಸೇರಿಸಿಕೊಂಡಿತು. ಅಂದರೆ ಕ್ಯಾಚರ್‌ನ ಚಿಕ್ಕ ವೃತ್ತಿಯನ್ನು ಒಪ್ಪಿಕೊಂಡ ಉದಾಹರಣೆ ಇದೆ.

ಗಣಿತದ ಮೇಷ್ಟ್ರು

ಒಪ್ಪಿದೆ, ತುಂಗಭದ್ರೆಯವರೇ. ಆದರೆ ಕ್ಯಾಂಪನೆಲ್ಲಾ ಬಿಟ್ಟದ್ದಲ್ಲ, ಅವರಿಂದ ಆಟವನ್ನು ಕಿತ್ತುಕೊಂಡದ್ದು. ನನ್ನ ಪ್ರಶ್ನೆ ಹಾಗೆಯೇ ಉಳಿಯಿತು.

ಲಿಟಲ್ ಲೀಗ್ ಅಮ್ಮ

ಅಂಕಿಗಳ ನಡುವೆ ಒಂದು ಮನೆಯ ಮಾತು ಹೇಳಿದರೆ ಬೇಸರವಿಲ್ಲ ತಾನೇ? ನನ್ನ ಹನ್ನೊಂದು ವರ್ಷದ ಮಗಳು ಫ್ರೀಮಾಂಟ್‌ನಲ್ಲಿ ಹುಡುಗರ ಜೊತೆ ಆಡುತ್ತಾಳೆ. ಕ್ಯಾಚರ್ ಆಗಲು ಯಾರೂ ಮುಂದೆ ಬರದಿದ್ದಾಗ ಇವಳು ಕೈಯೆತ್ತಿದಳು. ಪಂದ್ಯಕ್ಕೆ ಮುಂಚೆ ಅವಳನ್ನು ಸಜ್ಜುಗೊಳಿಸುವುದೆಂದರೆ ಯಕ್ಷಗಾನದ ಚೌಕಿಯಲ್ಲಿ ವೇಷ ಕಟ್ಟಿದಂತೆ. ಮೊದಲು ಕಾಲಿನ ಕವಚ. ಅದರ ಪಟ್ಟಿಗಳ ಕೊಂಡಿ ಹೊರಬದಿಗೇ ಬರಬೇಕು, ಒಳಬದಿಗೆ ಬಂದರೆ ಓಡುವಾಗ ಒಂದಕ್ಕೊಂದು ಸಿಕ್ಕಿ ಬೀಳುತ್ತಾಳೆ. ಆಮೇಲೆ ಎದೆಗೆ, ಕುತ್ತಿಗೆಗೆ, ಕೊನೆಗೆ ಮುಖವಾಡ. ಬೆರಳಿನ ಸಂಜ್ಞೆ ಪಿಚರ್‌ಗೆ ಕಾಣಲಿ ಎಂದು ಬಲಗೈಯ ಉಗುರುಗಳಿಗೆ ನಾನೇ ಹಳದಿ ಬಣ್ಣ ಹಚ್ಚುತ್ತೇನೆ. ಊರಿನಿಂದ ಫೋನ್ ಮಾಡಿದ ಅತ್ತೆಗೆ ಅದು ಮೆಹೆಂದಿ ಇರಬೇಕೆನ್ನಿಸಿತ್ತು.

ಪೋಸಿ 2020ರಲ್ಲಿ ಇಡೀ ಸೀಸನ್ ಆಡಲಿಲ್ಲ. ಅವರು ಮತ್ತು ಅವರ ಪತ್ನಿ ದತ್ತು ಪಡೆದ ಅವಳಿ ಹೆಣ್ಣುಮಕ್ಕಳು ಅವಧಿಗೆ ಮೊದಲೇ ಹುಟ್ಟಿದ್ದವು, ಕೋವಿಡ್ ಕಾಲ. ಒಂದು ವರ್ಷ ಮನೆಯಲ್ಲಿದ್ದು ಬಂದವರು 2021ರಲ್ಲಿ ಹಾಗೆ ಆಡಿದರು. ಬಿಡುವಾಗಲೂ ಅವರು ಹೇಳಿದ್ದು ಮೈನೋವಿನ ಬಗ್ಗೆ, ಮನೆಯ ಬಗ್ಗೆ. ಮೇಷ್ಟ್ರು "ಇಷ್ಟಪಟ್ಟು ನಿಲ್ಲಿಸಿದ" ಎಂದು ಬರೆದದ್ದರಲ್ಲಿ ಸ್ವಲ್ಪ ಅಸಮಾಧಾನದ ಧ್ವನಿ ಇದೆ. ಸಂಜೆ ಮಗಳು ಕಾಲಿನ ಕವಚ ಬಿಚ್ಚುವಾಗ ಆ ಮಂಡಿಯ ಮೇಲಿನ ಕೆಂಪು ಗೆರೆಗಳನ್ನು ನೋಡುವ ನನಗೆ ಹಾಗೆನ್ನಿಸುವುದಿಲ್ಲ.

ಬಸವನಗುಡಿ ಕೀಪರ್

ಮತಪಟ್ಟಿಯ ಮಾತು ಬಂದಾಗ ಫ್ರೇಮಿಂಗ್ ಬಗ್ಗೆಯೂ ಹೇಳಲೇಬೇಕು, ಏಕೆಂದರೆ ಪೋಸಿಯ ನಿಜವಾದ ಕೈಚಳಕ ಅದರಲ್ಲಿತ್ತು. ಸ್ಟ್ರೈಕ್ ವಲಯದ (ಬ್ಯಾಟರ್ ಬೀಸದಿದ್ದರೂ ಚೆಂಡು ಅವನ ವಿರುದ್ಧ ಸ್ಟ್ರೈಕ್ ಎಂದು ಎಣಿಕೆಯಾಗುವ ಜಾಗ) ಅಂಚಿನಿಂದ ಒಂದಂಗುಲ ಹೊರಗೆ ಬಂದ ಚೆಂಡನ್ನು ಹಿಡಿಯುವಾಗ ಕ್ಯಾಚರನ ಮಣಿಕಟ್ಟು ಗಟ್ಟಿಯಾಗಿ ನಿಂತರೆ ಅಂಪೈರ್‌ಗೆ ಅದು ಸ್ಟ್ರೈಕ್ ಎನ್ನಿಸಬಹುದು. ಚೆಂಡಿನ ರಭಸಕ್ಕೆ ಮಿಟ್ ಹೊರಗೆ ಸರಿದರೆ ಒಳಗೆ ಬಂದ ಚೆಂಡಿನ ಸ್ಟ್ರೈಕೂ ಕೈತಪ್ಪುತ್ತದೆ. ಮಿಟ್ ಎಳೆದಾಡಿ ಅಂಪೈರ್‌ಗೆ ಮಂಕುಬೂದಿ ಎರಚಲು ಹೋದವರು ಸಿಕ್ಕಿಬೀಳುತ್ತಾರೆ. ಪೋಸಿ ಎಳೆಯುತ್ತಿರಲಿಲ್ಲ. ಚೆಂಡು ಬಂದು ಅವರ ಕೈಯಲ್ಲಿ ಸುಮ್ಮನೆ ಕೂರುತ್ತಿತ್ತು. ಪ್ರತಿ ಚೆಂಡಿನ ಜಾಡನ್ನೂ ಕ್ಯಾಮೆರಾಗಳು ಅಳೆಯಲು ಶುರುಮಾಡಿದ ಮೇಲೆಯೇ ಈ ಕೆಲಸದ ಬೆಲೆಯನ್ನು ರನ್‌ಗಳಲ್ಲಿ ಹೇಳಲು ಸಾಧ್ಯವಾದದ್ದು, ಆ ಲೆಕ್ಕಗಳಲ್ಲಿ ಪೋಸಿ ಮುಂಚೂಣಿಯಲ್ಲೇ ಇದ್ದರು. ಮೇಷ್ಟ್ರು ಕೊಟ್ಟ ಹಿಟ್, ಹೋಮ್ ರನ್ ಪಟ್ಟಿಯಲ್ಲಿ ಇದು ಸೇರಿಲ್ಲ. ಈಗ 2026ರಿಂದ ಅಂಪೈರ್ ತೀರ್ಪನ್ನು ಯಂತ್ರದ ಮುಂದೆ ಪ್ರಶ್ನಿಸುವ ಅವಕಾಶ ಮುಖ್ಯ ಲೀಗ್‌ಗೂ ಬಂದಿರುವುದರಿಂದ ಆ ಕಲೆಯ ಬೆಲೆ ಇಳಿಯುತ್ತದೆಂದು ಕೆಲವರು ಹೇಳುತ್ತಾರೆ. ನನಗೆ ಹಾಗೆನ್ನಿಸುವುದಿಲ್ಲ. ಪ್ರಶ್ನಿಸುವ ಹಕ್ಕಿರುವ ಮೂವರಲ್ಲಿ ಕ್ಯಾಚರನೂ ಒಬ್ಬ, ಮತ್ತು ಆ ಮೂವರಲ್ಲಿ ಚೆಂಡನ್ನು ಸರಿಯಾಗಿ ನೋಡುವ ಜಾಗದಲ್ಲಿ ಇರುವವನು ಅವನೇ.

ಗಣಿತದ ಮೇಷ್ಟ್ರು

ಫ್ರೇಮಿಂಗ್ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಅದನ್ನು ಸೇರಿಸಿದ ಲೆಕ್ಕಗಳಲ್ಲಿ ಪೋಸಿಯವರ ಸ್ಥಾನ ಗಣನೀಯವಾಗಿ ಮೇಲೇರುತ್ತದೆ ಎಂಬುದು ನನಗೂ ತಿಳಿದದ್ದೇ, ಮೊದಲ ಬಾರಿ ಬರೆಯುವಾಗ ಜಾಣತನದಿಂದ ಬಿಟ್ಟಿದ್ದೆ. ಅಮ್ಮನವರ ಆಕ್ಷೇಪವನ್ನೂ ಒಪ್ಪುತ್ತೇನೆ, "ಇಷ್ಟಪಟ್ಟು" ಎಂಬ ಪದವನ್ನು ಹಿಂದಕ್ಕೆ ಪಡೆಯುತ್ತೇನೆ. ಆದರೂ ನನಗೆ ಮತವಿದ್ದರೆ ಮೊದಲ ವರ್ಷವೇ ಕೊಡುತ್ತಿರಲಿಲ್ಲ. ಎರಡನೆಯ ವರ್ಷ ಕೊಡುತ್ತಿದ್ದೆ. ನಮ್ಮ ಶಾಲೆಯಲ್ಲೂ ನನ್ನನ್ನು ಅಂಕ ಕೊಡುವುದರಲ್ಲಿ ಜಿಪುಣ ಎಂದೇ ಕರೆಯುತ್ತಿದ್ದರು.

ಫಿಜಿಯೊ ದಾವಣಗೆರೆ

ಪೋಸಿ ಮೊದಲ ಬೇಸ್‌ಗೆ ಪೂರ್ತಿಯಾಗಿ ಹೋಗಿದ್ದರೆ ಇನ್ನೂ ಐದು ವರ್ಷ ಆಡಬಹುದಿತ್ತಲ್ಲವೇ? ನಡುನಡುವೆ ಅಲ್ಲಿ ಆಡುತ್ತಲೂ ಇದ್ದರು. ಮಾವರ್ ಹೋದರು, ಬೆಂಚ್ ಕೂಡ ಕೊನೆಯ ಕೆಲವು ವರ್ಷ ಬೇರೆ ಸ್ಥಾನಗಳಲ್ಲಿ ಆಡಿದರು.

ಕೊಲ್ಲಿತೀರದವ

ಹೋಗಬಹುದಿತ್ತು. ಆದರೆ .290 ಹೊಡೆದು ಹತ್ತು ಹನ್ನೆರಡು ಹೋಮ್ ರನ್ ಬಾರಿಸುವ ಕ್ಯಾಚರ್ ಎಂದರೆ ಚಿನ್ನ. ಅದೇ ಅಂಕಿಯ ಮೊದಲ ಬೇಸ್ ಆಟಗಾರ ಎಂದರೆ ಸಾಧಾರಣ. ನಮ್ಮಲ್ಲಿ 2003ರ ವಿಶ್ವಕಪ್‌ನಲ್ಲಿ ರಾಹುಲ್ ದ್ರಾವಿಡ್ ಕೈಗೆ ಕೀಪಿಂಗ್ ಕೈಗವಸು ಕೊಟ್ಟು ತಂಡದಲ್ಲಿ ಇನ್ನೊಬ್ಬ ಬ್ಯಾಟ್ಸ್‌ಮನ್‌ಗೆ ಜಾಗ ಮಾಡಿದರಲ್ಲ, ಇದು ಅದರ ತಲೆಕೆಳಗಾದ ಲೆಕ್ಕ. ಪ್ಲೇಟಿನ ಹಿಂದೆ ಕೂರುವುದರಿಂದಲೇ ಅವರ ಬ್ಯಾಟಿಗೆ ಅಷ್ಟು ಬೆಲೆ, ಅಲ್ಲಿ ಕೂರುವುದರಿಂದಲೇ ಆ ಬ್ಯಾಟು ಸೊರಗುತ್ತಿದ್ದದ್ದು.

ಬಿಟ್ಟ ಮೇಲೂ ಅವರು ಆಟದಿಂದ ದೂರ ಹೋಗಲಿಲ್ಲ. 2022ರಲ್ಲಿ ಜೈಂಟ್ಸ್‌ನ ಮಾಲೀಕರ ಗುಂಪಿಗೆ ಸೇರಿದರು, 2024ರ ಸೆಪ್ಟೆಂಬರ್ ಕೊನೆಯಲ್ಲಿ ತಂಡದ ಬೇಸ್‌ಬಾಲ್ ವ್ಯವಹಾರಗಳ ಅಧ್ಯಕ್ಷರಾದರು. ಅವರನ್ನು ಆಡಿಸಿ ಮೂರು ಪ್ರಶಸ್ತಿ ಗೆದ್ದ ವ್ಯವಸ್ಥಾಪಕ ಬ್ರೂಸ್ ಬೋಚಿಯೂ ಹಿಂದೆ ಕ್ಯಾಚರ್ ಆಗಿದ್ದವರೇ. ಮೈದಾನದಲ್ಲಿ ಉಳಿದ ಎಂಟು ಮಂದಿ ಒಳಮುಖವಾಗಿ ನೋಡುತ್ತಾರೆ, ಹೊರಮುಖವಾಗಿ ಎಲ್ಲರನ್ನೂ ನೋಡುತ್ತ ಕೂರುವವನು ಕ್ಯಾಚರ್ ಒಬ್ಬನೇ. ಆ ಅಭ್ಯಾಸ ಮಂಡಿಯ ಜೊತೆ ಸವೆಯುವುದಿಲ್ಲವೆಂದು ಕಾಣುತ್ತದೆ.

ಹೊಸಬಳು

ನೀವೆಲ್ಲ ಬರೆದದ್ದನ್ನು ಓದಿದ ಮೇಲೆ 2014ರ ವಿಶ್ವ ಸರಣಿಯ ಏಳನೆಯ ಪಂದ್ಯದ ಕೊನೆಯ ಭಾಗವನ್ನು ಹುಡುಕಿ ನೋಡಿದೆ. ಜೈಂಟ್ಸ್ 3, ಕ್ಯಾನ್ಸಸ್ ಸಿಟಿ ರಾಯಲ್ಸ್ 2, ಮೂರನೆಯ ಬೇಸ್‌ನಲ್ಲಿ ಓಟಗಾರ, ಕೊನೆಯ ಬ್ಯಾಟರ್ ಸಾಲ್ವಡಾರ್ ಪೆರೆಜ್, ಎಸೆಯುತ್ತಿದ್ದವರು ಮ್ಯಾಡಿಸನ್ ಬಮ್‌ಗಾರ್ನರ್. ನಾನು ಬೌಲರನ್ನು ಬಿಟ್ಟು ಪೋಸಿಯವರನ್ನೇ ನೋಡಿದೆ. ಆರು ಚೆಂಡು, ಆರೂ ಎತ್ತರಕ್ಕೆ ಎಸೆದ ವೇಗದ ಚೆಂಡುಗಳು. ಸ್ಟ್ರೈಕ್ ಬೇಕಿದ್ದರೂ ಒಮ್ಮೆಯೂ ಕೆಳಗೆ ಕೇಳಲಿಲ್ಲ. ಇದಕ್ಕೆ ಕಾರಣವಿದೆಯೇ, ಅಥವಾ ನಾನೇ ಕಲ್ಪಿಸಿಕೊಂಡೆನೇ?

ಬಸವನಗುಡಿ ಕೀಪರ್

ಕಲ್ಪನೆಯಲ್ಲ ತಂಗಿ, ನೀವು ಸರಿಯಾದ ಕಡೆಯೇ ನೋಡಿದ್ದೀರಿ. ಪೆರೆಜ್ ಸಿಕ್ಕ ಚೆಂಡಿಗೆಲ್ಲ ಬ್ಯಾಟ್ ಬೀಸುವವರು, ಎತ್ತರದ ಚೆಂಡನ್ನಂತೂ ಬಿಡುತ್ತಲೇ ಇರಲಿಲ್ಲ. ಕೆಳಗಿನ ಚೆಂಡು ಪುಟಿದು ಪೋಸಿಯನ್ನು ದಾಟಿ ಹಿಂದೆ ಹೋದರೆ ಮೂರನೆಯ ಬೇಸ್‌ನವನು ಓಡಿಬಂದು ಸ್ಕೋರು ಸಮವಾಗುವ ಅಪಾಯವೂ ಇತ್ತು. ಇನ್ನೊಂದು ಸಂಗತಿ: ಪೆರೆಜ್ ಕೂಡ ಕ್ಯಾಚರ್. ಅದೇ ರಾತ್ರಿ ಎರಡನೆಯ ಇನ್ನಿಂಗ್ಸ್‌ನಲ್ಲಿ ಚೆಂಡು ಅವರ ಕಾಲಿಗೆ ಬಡಿದಿತ್ತು. ಆಮೇಲೆಯೂ ಅವರು ಕುಕ್ಕರುಗಾಲಿನಲ್ಲಿ ಕೂತು ಆಡುತ್ತಲೇ ಇದ್ದರು. ಒಬ್ಬ ಕ್ಯಾಚರ್ ಆ ಕಾಲುಗಳ ಮೇಲೆ ನಿಂತು ಬ್ಯಾಟ್ ಹಿಡಿದಿದ್ದರು, ಇನ್ನೊಬ್ಬ ಕ್ಯಾಚರ್ ಅವರ ಹಿಂದೆ ಎರಡಡಿ ದೂರದಲ್ಲಿ ಕೂತು ಆ ಕಾಲುಗಳನ್ನೇ ನೋಡುತ್ತಿದ್ದರು. ಆರನೆಯ ಚೆಂಡು ಮೂರನೆಯ ಬೇಸ್ ಬದಿಯಲ್ಲಿ ಮೇಲಕ್ಕೆ ಹೋಗಿ ಪಾಬ್ಲೊ ಸ್ಯಾಂಡೊವಾಲ್ ಕೈಗೆ ಬಿತ್ತು.